ಸತ್ತವರ ಪಾಲಿನ ಕಟ್ಟಿಗೆ

೧೯೧೮ರ ದಸರೆಯ ಹೊತ್ತಿಗೆ ನಾನು ಬಾಗಲಕೋಟೆಯಲ್ಲಿ ಸರ್ಕಾರಿ ಕಾರಕೂನ. ಕಂದಾಯದ ಲೆಕ್ಕ ಬರೆಯಲು ಸೇರಿದವನನ್ನು ಆ ವರ್ಷ ಕಟ್ಟಿಗೆ ವಖಾರಿಗೆ, ಅಂದರೆ ಸರ್ಕಾರ ಸೌದೆ ಕೂಡಿಟ್ಟ ಅಂಗಳಕ್ಕೆ, ಕೂರಿಸಿದ್ದರು. ನಿವೃತ್ತನಾದ ಮೇಲೆ ಈ ಪ್ರಸಂಗವನ್ನು ಅನೇಕರಿಗೆ ಹೇಳಿದ್ದೇನೆ. ಹೇಳಿ ಹೇಳಿ ಅದು ನುಣುಪಾಗಿಬಿಟ್ಟಿದೆ. ಒಂದು ಜಾಗಕ್ಕೆ ತಂದು ನಿಲ್ಲಿಸಿದರೆ ಕೇಳುವವರು ತಲೆದೂಗುತ್ತಾರೆ. ಇಲ್ಲಿ ಆ ಜಾಗದಲ್ಲಿ ನಿಲ್ಲಿಸದೆ ಮುಂದೆಯೂ ಬರೆಯುತ್ತೇನೆ.

ಯುದ್ಧ ನಾಲ್ಕು ವರ್ಷ ನಡೆದು ಕಲ್ಲಿದ್ದಲೆಲ್ಲ ಹಡಗುಗಳ ಪಾಲಾಗಿತ್ತು. ನಮ್ಮ ಕಡೆಯ ರೈಲು ಎಂಜಿನ್ನುಗಳು ಕಟ್ಟಿಗೆ ಉರಿಸಿ ಓಡುತ್ತಿದ್ದವು. ಬಾದಾಮಿ ಗುಡ್ಡಗಳಿಂದ ಬಂಡಿಗಳಲ್ಲಿ ಪೇಟೆಗೆ ಬರುತ್ತಿದ್ದ ಕಟ್ಟಿಗೆ ಈಗ ಸ್ಟೇಶನ್ನಿನ ಪಕ್ಕ ಆಳೆತ್ತರದ ಒಟ್ಟಿಲಾಗಿ ಬೀಳುತ್ತಿತ್ತು. ಮಳೆ ಕೈಕೊಟ್ಟು ದನಗಳನ್ನು ದೂರ ಅಟ್ಟಿದ್ದರಿಂದ ಸೆಗಣಿಯ ಕುಳ್ಳಿಗೂ ಬರ. ಅದೇ ರೈಲಿನಲ್ಲಿ ಮುಂಬಯಿಯಿಂದ ಇನ್‌ಫ್ಲುಯೆಂಜಾ ಜ್ವರ ಬಂತು. ಬಂಡಿ ಹೊಡೆಯುವವರೂ ಮಲಗಿದರು. ಇಳಕಲ್ಲಿನಲ್ಲಿ ನೂಲಿಗೆ ಬಣ್ಣ ಕಾಸುವ ಒಲೆಗಳು ಆರಿವೆ ಎಂದು ಹುನಗುಂದ ತಾಲ್ಲೂಕು ಕಚೇರಿಯಿಂದ ಪತ್ರ ಬಂತು. ಓದಿ ಬದಿಗಿಟ್ಟೆವು. ನಮ್ಮೂರಿನಲ್ಲಿ ಗಂಜಿ ಕಾಸುವ ಒಲೆಗಳೇ ಆರುತ್ತಿದ್ದವು.

ಆಗ ಮೇಲಿನಿಂದ ಹುಕುಂ ಬಂತು. ವಖಾರಿಯ ಕಟ್ಟಿಗೆ ಜ್ವರದಲ್ಲಿ ಸತ್ತವರನ್ನು ಸುಡುವುದಕ್ಕೆ ಮಾತ್ರ. ಸಾವು ಖರೆ ಎಂದು ಪಾಟೀಲರು ಬರೆದುಕೊಟ್ಟ ಚೀಟಿ ತೋರಿಸಿದ ಮನೆಗೆ ಇಷ್ಟು ತೂಕ. ಹುಕುಂ ಬರೆದವರು ಎಲ್ಲ ಹೆಣಗಳನ್ನೂ ಸುಡುವ ಸೀಮೆಯವರಿರಬೇಕು. ನಮ್ಮಲ್ಲಿ ಲಿಂಗಾಯತರು ಹೂಳುತ್ತಾರೆ, ನಾವು ಮುಸಲ್ಮಾನರು ಹೂಳುತ್ತೇವೆ. ಊರಿನ ದೊಡ್ಡ ಪಾಲು ಜನಕ್ಕೆ ಸತ್ತ ಮೇಲೆ ಕಟ್ಟಿಗೆಯೇ ಬೇಡ. ಹುಕುಂ ಕಚೇರಿಯಲ್ಲಿ ಕೈಯಿಂದ ಕೈಗೆ ಹೋಯಿತು. ಯಾರಿಗೂ ಇದು ಹೊಳೆಯಲಿಲ್ಲ.

ವಖಾರಿಯ ಜವಾನ, ಪಟ್ಟೇವಾಲಾ ಭೀಮಪ್ಪನ ಬಾಯಿ ಮಾತ್ರ ಸುಮ್ಮನಿರಲಿಲ್ಲ. “ಸಾಹೇಬ್ರ, ‘ಕಟ್ಟಿಗಿ ಬೇಕಂದ್ರ ಮೊದಲ ಸತ್ತು ಬರ್ರಿ’ ಅಂತ ಒಂದು ಹಲಗಿ ಬರಸಿ ಹಚ್ಚೂಣೇನ್ರಿ?”

ಒಂದು ಬೆಳಿಗ್ಗೆ ಗುರುಬಸವ್ವ ಬಂದಳು. ಗಾಣದ ಓಣಿಯಲ್ಲಿ ರೊಟ್ಟಿ ಬಡಿದು ಮಾರುವವಳು. ಅವಳ ಅತ್ತೆ ಸತ್ತ ಚೀಟಿ ಕೈಯಲ್ಲಿತ್ತು.

“ಅತ್ತಿಯವರನ್ನ ಸುಡತೀರೇನು?” ಎಂದೆ.

“ಸುಡೂದ್ಯಾಕ್ರಿ? ನಿನ್ನೇನ ಮಣ್ಣಿಗೆ ಕೊಟ್ಟು ಬಂದೇವಿ.”

“ಮತ್ತ ಕಟ್ಟಿಗಿ ಯಾಕ?”

“ಚೀಟಿ ಖರೆ ಐತಿಲ್ಲೋ? ಸಾವು ನಮ್ಮನ್ಯಾಗ ಆಗೇತಿ. ಅಕಿ ಪಾಲಿನ ಕಟ್ಟಿಗಿ ಅಕಿಗೆ ಬೇಕಾಗಿಲ್ಲ. ಮಗ, ಸೊಸಿ ಇಬ್ರೂ ಬಿದ್ದಾರ. ನೆನಸಿದ ಜ್ವಾಳ ಕೊಟ್ರ ಅಗಿಯಾಕ ಆಗವಲ್ದು. ಗಂಜಿ ಕಾಸಬೇಕ್ರಿ.”

“ಹುಕುಂ ಹಂಗಿಲ್ಲಬೇ ಯವ್ವಾ.”

“ನಿಮ್ಮನ್ಯಾಗೂ ಮಣ್ಣಿಗೇ ಕೊಡೂದಲ್ಲೇನ್ರಿ ಸಾಹೇಬ್ರ? ನಮ್ಮ ಸತ್ತವರು ಏನೂ ಕೇಳೂದಿಲ್ಲ. ಸಾಯದವರು ಕೇಳಾಕತ್ತಾರ.”

ನಾನು ಬೀಗ ತೆಗೆದೆ. ಕಥೆಯನ್ನು ನಿಲ್ಲಿಸುತ್ತಿದ್ದುದು ಇಲ್ಲಿ.

ಮರುದಿನ ಹೂಳುವ ಮನೆಗಳವರೆಲ್ಲ ಚೀಟಿ ಹಿಡಿದು ಬಂದರು. ಒಬ್ಬರಿಗೆ ಕೊಟ್ಟು ಇನ್ನೊಬ್ಬರಿಗೆ ಇಲ್ಲ ಎನ್ನುವುದು ಹೇಗೆ? ಅಪ್ಪಣೆ ಕೇಳಲು ತಾಲ್ಲೂಕಿನ ಅಧಿಕಾರಿ ಮಾಮಲೇದಾರರ ಮನೆಗೆ ಹೋದೆ. ಅವರೂ ಜ್ವರದಲ್ಲಿದ್ದರು. ಹೊಸ್ತಿಲ ಹೊರಗೆ ನಿಂತು ಎಲ್ಲವನ್ನೂ ಹೇಳಿದೆ. ಗೋಡೆಯ ಕಡೆ ಹೊರಳಿ, “ಹುಕುಮೂ ನಿಮ್ಮ ಕಡೇನ ಅದ, ಕೀಲೀನೂ ನಿಮ್ಮ ಕಡೇನ ಅದ” ಎಂದರು. ಅದು ಅಪ್ಪಣೆಯೋ ಎಚ್ಚರಿಕೆಯೋ ಇಂದಿಗೂ ತಿಳಿದಿಲ್ಲ. ಅಪ್ಪಣೆ ಎಂದುಕೊಂಡು ಹಂಚಿದೆ. ಓಣಿಗಳಲ್ಲಿ ಹೊಗೆ ಕಾಣಿಸಿತು. ಬಾದಾಮಿ ಕಡೆಯಿಂದ ಬಂಡಿಗಳು ಮಾತ್ರ ಬರಲಿಲ್ಲ.

ವಖಾರಿಯಲ್ಲಿ ತೊಗಟೆ, ಚಕ್ಕೆ ಮಾತ್ರ ಉಳಿದ ದಿನ ಟಪಾಲು ಕಚೇರಿಯ ಶ್ರೀನಿವಾಸರಾಯರು ಬಂದರು. ಬ್ರಾಹ್ಮಣರು, ಮೆಲುದನಿಯವರು. ಅಂದು ಮುಂಜಾನೆ ಅವರ ಹೆಂಡತಿ ತೀರಿಕೊಂಡಿದ್ದರು. ನನ್ನ ಹೆಗಲ ಮೇಲಿಂದ ಅಂಗಳವನ್ನು ನೋಡಿದರು.

“ಕಟ್ಟಿಗಿ ಎಲ್ಲಿ ಅವ?”

“ಮುಗದಾವ್ರಿ ರಾಯರ.”

“ಸುಡಲಿಕ್ಕೆ ಅಂತ ಇಟ್ಟಿದ್ದಲ್ಲೇನು?”

“ಹೌದ್ರಿ. ಒಲಿಗಳಿಗೆ ಕೊಟ್ಟೆ.”

ಅವರು ಸಿಟ್ಟು ಮಾಡಲಿಲ್ಲ. ಚೀಟಿಯನ್ನು ನನ್ನೆದುರು ಹಿಡಿದು, “ನಂದೂ ಖರೆ ಚೀಟೀನ ಅದ” ಎಂದರು.

ನಾನು ಸ್ಟೇಶನ್ನಿಗೆ ಓಡಿದೆ. ಬಿಸಿಲು ಏರುತ್ತಿತ್ತು; ಹೆಣ ಕಾಯುವುದಿಲ್ಲ. ಹಳಿಯುದ್ದಕ್ಕೂ ಬಾದಾಮಿಯ ಕಟ್ಟಿಗೆ ಒಟ್ಟಿತ್ತು, ತುದಿಯಲ್ಲಿ ಕಾವಲುಗಾರ. ಸ್ಟೇಶನ್ ಮಾಸ್ತರರು ಮೂಗಿಗೆ ಒದ್ದೆ ವಸ್ತ್ರ ಕಟ್ಟಿಕೊಂಡಿದ್ದರು.

“ಒಂದು ಚಿತಿಗೆ ಆಗೋವಷ್ಟು ಕೊಡ್ರಿ ಮಾಸ್ತರ್ರ.”

“ಅದು ಎಂಜಿನ್ ಕಟ್ಟಿಗಿ. ಊರಿನ ಜವಾಬ್ದಾರಿ ಸರ್ಕಾರದ್ದು.”

“ನಿಮ್ಮ ರೈಲು ಕಂಪನಿಗೆ ಬಾದಾಮಿ ಗುಡ್ಡ ಕೊಟ್ಟವರು ಯಾರ್ರಿ?”

“ಸರ್ಕಾರ. ಹಂಗಿದ್ರ ಅವರನ್ನ ಕೇಳ್ರಿ. ಇವತ್ತು ನಿಮಗ ಕೊಟ್ರ ನಾಳೆ ಊರ ಊರೇ ಬರ್ತದ. ಗಾಡಿ ಇಲ್ಲೇ ನಿಂತ್ರ ಕಾಳು ಬರೂದಿಲ್ಲ, ಔಷಧ ಬರೂದಿಲ್ಲ. ನೀವು ಉತ್ತರಾ ಕೊಡತೀರೇನು?”

ಅವರು ಕೆಟ್ಟವರಲ್ಲ. ಹೇಳಿದ್ದು ಸುಳ್ಳೂ ಅಲ್ಲ. ಮೇಲಿನ ಕಚೇರಿಗೆ ಅಲ್ಲಿಂದಲೇ ತಂತಿ ಕೊಟ್ಟೆ. ಕಾದೆ. ಉತ್ತರ ಬರಲಿಲ್ಲ.

ಆ ಹೊತ್ತಿನಲ್ಲಿ ವಖಾರಿಯಲ್ಲಿ ನಡೆದದ್ದನ್ನು ನಾನು ಕಣ್ಣಾರೆ ಕಂಡಿಲ್ಲ. ಸುದ್ದಿ ತಿಳಿದ ಗುರುಬಸವ್ವ ತನ್ನ ಮನೆಯಲ್ಲಿ ಉಳಿದಿದ್ದ ಹೊರೆಯನ್ನು ಹೊತ್ತು ತಂದು ರಾಯರ ಮುಂದೆ ಇಳಿಸಿದಳಂತೆ. “ಇದರಾಗ ನನ್ನ ಹೆಂಡತಿ ಸುಡೂದಿಲ್ಲ, ನಿಮ್ಮ ಗಂಜಿ ಕುದೀತದ. ಒಯ್ರಿ ತಾಯಿ” ಎಂದರಂತೆ ರಾಯರು. ಹೇಳಿದವನು ಭೀಮಪ್ಪ. ಎಷ್ಟೋ ವರ್ಷದ ಮೇಲೆ ಮತ್ತೆ ಕೇಳಿದಾಗ ಅವನು, “ರಾಯರು ಎಲ್ಲಿ ಮಾತಾಡಿದ್ರಿ? ಸುಮ್ನ ಹೊರಿ ಎತ್ತಿ ಅಕಿ ತಲಿ ಮ್ಯಾಲ ಇಟ್ರು” ಎಂದ. ಮೊದಲಿನ ಮಾತು ಅವನೇ ಕಟ್ಟಿದ್ದೋ, ನಾನೇ ಕಟ್ಟಿಕೊಂಡದ್ದೋ ತಿಳಿಯದು. ಹೊರೆ ಮಾತ್ರ ತಿರುಗಿ ಹೋದದ್ದು ಹೌದು.

ನಾನು ಬರಿಗೈಯಲ್ಲಿ ಹಿಂದಿರುಗಿದಾಗ ಗಾಣದ ಓಣಿಯ ಗಂಡಸರು ಗುದ್ದಲಿ, ಸಲಿಕೆ ಹಿಡಿದು ರಾಯರ ಮನೆಯ ಮುಂದೆ ನಿಂತಿದ್ದರು. ಅವರಲ್ಲಿ ಇಬ್ಬರು ಜ್ವರದಿಂದ ಎದ್ದವರು. ನಿಲ್ಲುವಾಗ ಗೋಡೆ ಹಿಡಿಯುತ್ತಿದ್ದರು. ಘಟಪ್ರಭೆಯ ದಂಡೆಯಲ್ಲಿ ಕುಣಿ ತೋಡಿದರು. ಯಾವ ತಲೆಮಾರಿನಲ್ಲೂ ಮಣ್ಣಿಗೆ ಕೊಡದ ಮನೆಯ ಹೆಣವನ್ನು ಅದರಲ್ಲಿ ಇಳಿಸಿದರು. ಆಮೇಲೆ ಏನು ಮಾಡಬೇಕೆಂದು ರಾಯರಿಗೆ ತಿಳಿಯಲಿಲ್ಲ. ಅವರಿಗೆ ಗೊತ್ತಿದ್ದ ಮಂತ್ರವೆಲ್ಲ ಬೆಂಕಿಯದು. ನನ್ನ ಕಡೆ ತಿರುಗಿದರು.

“ನಿಮ್ಮೊಳಗ ಮೊದಲ ಮಣ್ಣು ಯಾರು ಹಾಕತಾರ?”

“ಮನಿಯವರ್ರಿ ರಾಯರ. ಮೂರು ಹಿಡಿ.”

ಅವರು ಬಗ್ಗಿ ಮೂರು ಹಿಡಿ ಹಾಕಿದರು. ರೈಲು ಹೋದ ಸದ್ದಾಯಿತು. ಸ್ವಲ್ಪ ಹೊತ್ತಿಗೆ ಗಾಳಿಯಲ್ಲಿ ಬಾದಾಮಿ ಕಟ್ಟಿಗೆಯ ಹೊಗೆ ಬಂತು. ಅಲ್ಲಿದ್ದವರಿಗೆಲ್ಲ ಆ ವಾಸನೆ ಗೊತ್ತು. ಯಾರೂ ತಲೆಯೆತ್ತಲಿಲ್ಲ.

ತಂತಿಯ ಉತ್ತರ ಆಮೇಲೆ ಬಂತು: ವಖಾರಿಯ ಕಟ್ಟಿಗೆಯನ್ನು ಹುಕುಮಿನ ಪ್ರಕಾರ ಬಳಸತಕ್ಕದ್ದು.

ಮುಂದೆ ಬೇರೆ ತಾಲ್ಲೂಕುಗಳಲ್ಲಿ ಕಾಳು, ಸೀಮೆಎಣ್ಣೆ ಹಂಚುವ ಕೆಲಸ ಅನೇಕ ಸಲ ನನ್ನ ಪಾಲಿಗೆ ಬಂತು. ಹುಕುಂ ಬಂದ ದಿನವೇ ನಾನು ನಮ್ಮ ರಾಶಿಯನ್ನು ಬಿಟ್ಟು, ಊರಿನಲ್ಲಿ ಇನ್ನೊಬ್ಬರ ಹೆಸರಿನಲ್ಲಿ ಬಿದ್ದಿರುವ ರಾಶಿಯನ್ನು ನೋಡಿ ಬರುತ್ತಿದ್ದೆ. ಅದನ್ನು ಕೇಳುವ ಕಾಗದವನ್ನು ನಮ್ಮ ರಾಶಿ ತುಂಬಿರುವಾಗಲೇ ಮೇಲಿನ ಕಚೇರಿಗೆ ಕಳಿಸುತ್ತಿದ್ದೆ. ನೌಕರಿ ಕಲಿಸಿದ್ದು ಇಷ್ಟು. ಕೊರತೆಯಲ್ಲಿ ಸರ್ಕಾರ ನಿಜವಾಗಿ ಹಂಚುವುದು ‘ಇಲ್ಲ’ ಎಂಬ ಮಾತನ್ನು. ಹುಕುಂ ಬರೆದವರು ಅದನ್ನು ಯಾರ ಮುಖಕ್ಕೂ ಹೇಳಬೇಕಾಗುವುದಿಲ್ಲ. ಗುರುಬಸವ್ವ ಮತ್ತೆ ಬಂದರೆ ಮತ್ತೆ ಬೀಗ ತೆಗೆಯುತ್ತೇನೆ. ರಾಯರು ಮತ್ತೆ ಬಂದರೆ ಏನು ಹೇಳಬೇಕೆಂಬುದು ಈಗಲೂ ಗೊತ್ತಿಲ್ಲ. ಎರಡೂ ಚೀಟಿ ಖರೆ ಇದ್ದವು.