ಗುಡಗೇರಿಯ ಹೆಂಗಸರು ನನಗೆ ಹೇಳದ ಮಾತು

ಹುಬ್ಬಳ್ಳಿಯಿಂದ ಬೆಳಗಿನ ಪ್ಯಾಸೆಂಜರ್ ಹಿಡಿದು ಗುಡಗೇರಿಯಲ್ಲಿ ಎರಡನೆಯ ಸಲ ಇಳಿದೆ. ಎಪ್ಪತ್ತರ ದಶಕದ ನಡುವಿನ ಮಾತು. ಊರೂರಿಗೆ ಹೋಗಿ, ಹೆಂಗಸರನ್ನು ಒಟ್ಟಿಗೆ ಕೂಡಿಸಿ, ಹೆರಿಗೆಯ ಬಗ್ಗೆ ಮಾತಾಡಿಸಿ, ಆ ಮಾತಿನ ತಿರುಳನ್ನು ವರದಿ ಮಾಡುವುದು ಧಾರವಾಡದ ಕಚೇರಿಯೊಂದರಲ್ಲಿ ನನ್ನ ಕೆಲಸ. ಯಾವ ಊರಿಗೆ ನರ್ಸಮ್ಮ ಬರುತ್ತಾಳೆಂಬುದು ಆ ವರದಿಯ ಮೇಲೆಯೇ ನಿಂತಿತ್ತು. ಮರುದಿನ ಅದನ್ನು ಒಪ್ಪಿಸಬೇಕಿತ್ತು.

ದೀಪಾವಳಿಯ ಹೊತ್ತಿಗೆ ನವಲಗುಂದದ ಕಡೆ ಹೋದಾಗ ಹೆಂಗಸರು ಒಬ್ಬರ ಮಾತಿಗೆ ಇನ್ನೊಬ್ಬರು ಬಿದ್ದು ಜಗಳಾಡಿದ್ದರು. ಹಿಂದಿನ ತಿಂಗಳು ಕೊನೆಯದಾಗಿ ಹೋದ ಗುಡಗೇರಿಯಲ್ಲಿ ಮಾತ್ರ ಎಲ್ಲರದೂ ಒಂದೇ ರಾಗ: ಮನೆಯಲ್ಲೇ ಎಲ್ಲ ಸುಸೂತ್ರ, ನರ್ಸಮ್ಮ ಯಾಕೆ? ನಮ್ಮ ಕಚೇರಿಯ ಸಾಹೇಬರಿಗೆ ಖುಷಿಯೋ ಖುಷಿ. "ಒಮ್ಮತ ಅಂತ ಬರೀರಿ" ಎಂದರು. ಬರೆದೆ. ಆದರೆ ಅಷ್ಟು ಹೆಂಗಸರಲ್ಲಿ ಒಬ್ಬಳಿಗೂ ತ್ರಾಸಾಗಿಲ್ಲವೆಂದರೆ ಹೇಗೆ ನಂಬಲಿ? ಮತ್ತೊಮ್ಮೆ ಕೇಳಿಯೇ ಬರುತ್ತೇನೆಂದು ಹಟ ಹಿಡಿದೆ. ಏಳು ತಿಂಗಳ ಬಸುರಿಯನ್ನು ಒಬ್ಬಳೇ ಕಳಿಸಲಾರೆನೆಂದು ಅತ್ತೆಯವರೂ ಬೆನ್ನುಹತ್ತಿದರು.

ಬಿಸಿಲು ಆಗಲೇ ಏರಿತ್ತು. ಅಂದಿನ ಸಭೆಯಲ್ಲಿ ಮುಂದಾಗಿ ಮಾತಾಡಿದ್ದ ನಿಂಗವ್ವನ ಮನೆಗೇ ಹೋದೆವು. ಬಿಸಿ ರೊಟ್ಟಿ, ಎಣ್ಣೆಗಾಯಿ, ಗಟ್ಟಿ ಮೊಸರು ಬಡಿಸಿದಳು.

"ಉಣ್ಣವ್ವ ತಂಗಿ, ಎರಡು ಜೀವ."

ರೊಟ್ಟಿ ಮುರಿಯುತ್ತಲೇ ಕೇಳಿದೆ, "ನಿಂಗವ್ವಾರ, ಈ ಊರಾಗ ಹಡಿಯೂ ಮುಂದ ಖರೇನ ಯಾರಿಗೂ ತ್ರಾಸ ಆಗಿಲ್ಲೇನ್ರಿ?"

ಅವಳು ಅತ್ತೆಯವರ ಮುಖ ನೋಡಿದಳು. "ಆ ಮಾತು ಈಗ ಬ್ಯಾಡ. ಹಡದು, ಕೂಸಿನ್ನ ಕರ್ಕೊಂಡು ಬಾ. ಆವಾಗ ಹೇಳ್ತೀನಿ."

"ನಾಳೆ ವರದಿ ಕೊಡಬೇಕ್ರಿ."

"ಬಸುರಿ ಮುಂದ ಅದನ್ನ ಆಡ್ತಾರೇನ? ಅವತ್ತೂ ನಿನ್ನ ಹೊಟ್ಟಿ ನೋಡೇ ಎಲ್ಲಾರೂ ಛಲೋದನ್ನಷ್ಟ ಹೇಳಿದ್ವಿ."

ನವಲಗುಂದಕ್ಕೆ ಹೋದಾಗ ನನ್ನ ಹೊಟ್ಟೆ ಇನ್ನೂ ಕಾಣುತ್ತಿರಲಿಲ್ಲ. ನಾನು ಬರೆದ ಒಮ್ಮತವೆಲ್ಲ ನನಗಾಗಿ ಹೊಂದಿಸಿದ್ದು! ನನಗೇನೂ ಹೆದರಿಕೆಯಿಲ್ಲ, ಹೇಳಿರೆಂದು ಗೋಗರೆದೆ. ಅದು ಶುದ್ಧ ಸುಳ್ಳಾಗಿತ್ತು. ನಿಂಗವ್ವ ನನ್ನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದಳು.

ಅತ್ತೆಯವರು ಕೈ ತೊಳೆದುಕೊಂಡರು. "ನೀ ಹೊರಗ ಕೂಡು. ನಾ ಕೇಳ್ತೀನಿ."

ಕಟ್ಟೆಯ ಮೇಲೆ ಕೂತೆ. ಅಂದು ಸಭೆಗೆ ಬಂದಿದ್ದ ಹೆಂಗಸರು ಒಬ್ಬೊಬ್ಬರಾಗಿ ಬಂದು, ನನ್ನನ್ನು ನೋಡಿ ನಕ್ಕು, ಒಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡರು. ಗುಸುಗುಸು ಬಿಟ್ಟರೆ ಏನೂ ಕೇಳಲಿಲ್ಲ. ನಡುವೆ ಯಾರೋ ಬಿಕ್ಕಿದರು. ಎದ್ದು ಬಾಗಿಲಿನ ತನಕ ಹೋದೆ, ಒಳಗೆ ಹೋಗಲು ಧೈರ್ಯ ಸಾಲದೆ ಮತ್ತೆ ಬಂದು ಕೂತೆ. ಅತ್ತೆಯವರು ಹೊರಬಂದಾಗ ಅವರ ಮುಖ ಬಾಡಿತ್ತು.

ಸಂಜೆಯ ಗಾಡಿ ಕುಂದಗೋಳ ದಾಟಿತು. ಆಮೇಲೆ ಅತ್ತೆಯವರು, "ನರ್ಸಮ್ಮ ಬೇಕ ಬೇಕು ಅಂತ ಬರಿ" ಎಂದರು.

"ಕಾರಣ ಬರೀಬೇಕ್ರಿ ಅತ್ತಿ. ಸಾಹೇಬ್ರು ಕೇಳ್ತಾರ."

"ಸಾಹೇಬ್ರನ್ನ ನನ್ನ ಕಡೆ ಕಳಸು. ಅವರೇನು ಬಸುರಲ್ಲಲ್ಲ, ಎಲ್ಲಾ ಹೇಳ್ತೀನಿ."

ಚೀಲದಲ್ಲಿದ್ದ ವರದಿ ತೆಗೆದು, ಒಮ್ಮತದ ಸಾಲನ್ನು ಅಲ್ಲೇ ಹೊಡೆದುಹಾಕಿದೆ. ಬರೆಯುವವಳು ಬಸುರಿಯಾದ್ದರಿಂದ ಹೆಂಗಸರು ಕಷ್ಟಗಳನ್ನು ಅವಳೆದುರು ಆಡಲಿಲ್ಲ, ಬೇರೊಬ್ಬರನ್ನು ಕಳಿಸಿ ಕೇಳಬೇಕು, ನರ್ಸಮ್ಮ ಬೇಕೇ ಬೇಕು ಎಂದು ಬರೆದೆ. ಹಾಳೆಗಳನ್ನು ಮಡಚಿ ಮತ್ತೆ ಚೀಲಕ್ಕೆ ಹಾಕಿದೆ.

ಹುಬ್ಬಳ್ಳಿ ಬಂತು. ನಾಲ್ಕೂ ಮಕ್ಕಳನ್ನು ಮನೆಯಲ್ಲೇ ಹೆತ್ತು, ನನಗೂ ಸೂಲಗಿತ್ತಿಯನ್ನು ಗೊತ್ತುಮಾಡಿಟ್ಟಿದ್ದ ಅತ್ತೆಯವರು ನನ್ನ ಕೈ ಹಿಡಿದು ಇಳಿಸಿದರು.

"ಮನಿಗೆ ಬ್ಯಾಡ. ಸೀದಾ ದವಾಖಾನಿಗೆ ಹೋಗೂಣು, ನಿನ್ನ ಹೆಸರು ಹಚ್ಚಿ ಬರೂಣು."

ಯಾಕೆಂದು ನಾನು ಕೇಳಲಿಲ್ಲ.