ಗುಡ್ಡಕ್ಕೆ ಬೆಂಕಿ ಬೇಡ ಎಂದವರು

ಮೇಡಂ ಅವರ ಮೊಣಕಾಲಿನ ಕೆಳಗೆಲ್ಲ ಕಗ್ಗಲಿ ಮುಳ್ಳು ಗೀರಿದ ಗೆರೆಗಳಿದ್ದವು. ಹಳೆಯವು ಬೆಳ್ಳಗೆ, ಹೊಸವು ಕೆಂಪಗೆ. ಸಂಜೆ ಗುಡ್ಡ ಇಳಿದು ನಮ್ಮ ಜಗುಲಿಯ ಮೇಲೆ ಕೂತರೆ, ಮೊದಲು ಸೀರೆಯಂಚಿಗೆ ಚುಚ್ಚಿಕೊಂಡ ಹುಲ್ಲಿನ ಮುಳ್ಳುಗಳನ್ನು ಒಂದೊಂದಾಗಿ ಕೀಳುತ್ತಿದ್ದರು. ಆಮೇಲೇ ನೀರು, ಕಾಫಿ, ಮಾತು.

ಎಂಬತ್ತರ ದಶಕದ ಕೊನೆ. ನಾನು ಮದುವೆಯಾಗಿ ಆ ಊರಿಗೆ ಹೊಸಬಳು. ಚಿಂತಾಮಣಿಯಿಂದ ಕೈವಾರಕ್ಕೆ ಹೋಗುವ ಬಸ್ಸಿನಿಂದ ನಡುದಾರಿಯಲ್ಲಿ ಇಳಿದು ಒಳಗೆ ನಡೆದರೆ, ಗುಡ್ಡದ ಬುಡದಲ್ಲೇ ನಮ್ಮೂರು. ಅವರು ಮೈಸೂರಿನ ಕಡೆಯವರು, ಕಾಡಿನ ಬಗ್ಗೆ ಸಂಶೋಧನೆ ಮಾಡುತ್ತಿದ್ದವರು. ಕಡಿದು, ಮೇಯಿಸಿ, ಸುಟ್ಟು ಬೋಳಾದ ಗುಡ್ಡದಲ್ಲಿ ಸಸಿ ನೆಡದೆಯೇ ಕಾಡು ತಾನಾಗಿ ಮರಳುತ್ತದೆಯೇ ಎಂದು ನೋಡುವುದು ಅವರ ಕೆಲಸ. ನಮ್ಮೂರ ಹಿರಿಯರ ಮಾತೆಲ್ಲ ತೆಲುಗು. ಮೇಡಂಗೆ ಅದು ಬಾರದು. ಹೈಸ್ಕೂಲು ಓದಿದ ಸೊಸೆ ಎಂದು ನನ್ನನ್ನು ಜೊತೆಗೆ ಕರೆದುಕೊಂಡರು. ಊರಿಗೆಲ್ಲ ಅವರು ಮೇಡಂ.

ಪ್ರತಿ ಬೇಸಿಗೆಯೂ ಕುರಿ ಮೇಯಿಸುವವರು ಹೊಸ ಹುಲ್ಲು ಚಿಗುರಲೆಂದು ಗುಡ್ಡಕ್ಕೆ ಬೆಂಕಿ ಹಾಕುತ್ತಿದ್ದರು. ಮೇಡಂ ಊರವರನ್ನೆಲ್ಲ ಅರಳಿಕಟ್ಟೆಯ ಬಳಿ ಸೇರಿಸಿ, ಕೆಲವು ವರ್ಷ ಬೆಂಕಿ ಮುಟ್ಟಿಸಬೇಡಿ, ದನ ಕುರಿ ಬಿಡಬೇಡಿ, ಹುಲ್ಲು ಬೇಕಾದರೆ ಕೊಯ್ದುಕೊಳ್ಳಿ ಎಂದು ಬೇಡಿಕೊಂಡರು. ನಾನು ತೆಲುಗಿನಲ್ಲಿ ಹೇಳಿದೆ. ಊರು ಒಪ್ಪಿತು. ಮಾತಿಗೂ ನಿಂತಿತು.

ಕಡಿದ ಬೊಡ್ಡೆಗಳಿಂದ ಜಾಲಾರಿ ಮರ ಚಿಗುರಿ ಆಳೆತ್ತರವಾಯಿತು. ಮೇಡಂ ಅದರ ಎಲೆ ಸವರಿ, "ನಾವು ಸುಮ್ನಿದ್ದಿದ್ದೇ ದೊಡ್ಡ ಕೆಲಸ ಕಣಮ್ಮ" ಎನ್ನುತ್ತಿದ್ದರು. ಹುಲ್ಲೂ ಬೆಳೆಯಿತು. ಹೆಂಗಸರು ಹೊರೆಗಟ್ಟಲೆ ತಂದರೂ ಮುಗಿಯದಷ್ಟು. ಹೋದ ವರ್ಷದ ಒಣಹುಲ್ಲಿನ ಮೇಲೆ ಈ ವರ್ಷದ್ದು, ಸೊಂಟ ಮುಟ್ಟುವ ಹಾಗೆ.

ತೊಂಬತ್ತರ ದಶಕದ ಆರಂಭ. ಯುಗಾದಿ ಕಳೆದ ಮೇಲೊಂದು ಮಧ್ಯಾಹ್ನ ಗುಡ್ಡಕ್ಕೆ ಬೆಂಕಿ ಬಿತ್ತು. ಹೇಗೆ ಬಿತ್ತೋ ಯಾರಿಗೂ ತಿಳಿಯಲಿಲ್ಲ. ಮೊದಲೆಲ್ಲ ಕಾಲಡಿಯಲ್ಲಿ ತೆವಳಿ ಹೋಗುತ್ತಿದ್ದ ಬೆಂಕಿ ಈ ಸಲ ಗಿಡಗಳ ತಲೆ ಹತ್ತಿತು. ಹುಲ್ಲಿಗೆ ಹೋಗಿದ್ದ ಹೆಂಗಸರು ಕೆಳಗೆ ಓಡಿ ಬಂದರು. ನನ್ನ ವಾರಗಿತ್ತಿ ಮಾತ್ರ ಮೇಲಿನ ಕೊರಕಲಿನಲ್ಲಿ ಸಿಕ್ಕಿಕೊಂಡಳು. ನನ್ನ ಗಂಡನೂ ಭಾವನೂ ಅವಳನ್ನು ಕಂಬಳಿಯಲ್ಲಿ ಸುತ್ತಿ ಹೊತ್ತು ತಂದರು. ಚಿಂತಾಮಣಿಯ ಆಸ್ಪತ್ರೆಯಲ್ಲಿ ಸಂಜೆಯವರೆಗೆ ಜೀವ ಹಿಡಿದಿದ್ದಳು. ಅವಳ ಮಗಳಿಗೆ ಇನ್ನೂ ಸರಿಯಾಗಿ ಮಾತು ಬಂದಿರಲಿಲ್ಲ.

ತಿಥಿ ಮುಗಿದ ಮೇಲೆ ಮೇಡಂ ಬಂದರು. ಕೂರಲಿಲ್ಲ. ಅತ್ತೆಯ ಮುಂದೆ ನಿಂತು, "ಬೆಂಕಿ ಹಾಕ್ಬೇಡಿ ಅಂದಿದ್ದು ನಾನು. ಮರ ಮಾತ್ರ ನೋಡ್ದೆ, ಹುಲ್ಲು ನೋಡ್ಲಿಲ್ಲ" ಎಂದರು.

ಅತ್ತೆ ತೆಲುಗಿನಲ್ಲಿ ಕೇಳಿದರು: "ನೀ ಚೆಟ್ಲು ಬತಿಕಿನಾಯಾ?"

ನಾನು ಅದನ್ನು ಹಾಗೆಯೇ ಕನ್ನಡಕ್ಕೆ ತಿರುಗಿಸಿದೆ. ನಿನ್ನ ಗಿಡಗಳು ಉಳಿದವಾ ಎಂದು ಕೇಳುತ್ತಿದ್ದಾರೆ ಎಂದೆ. ಮೇಡಂ ಇಲ್ಲ ಎಂದಿದ್ದರೆ ಅತ್ತೆಗೆ ಸ್ವಲ್ಪ ಸಮಾಧಾನವಾಗುತ್ತಿತ್ತೇನೋ.

"ಉಳ್ಕೊಂಡಿವೆ," ಎಂದರು. "ಬೇರು ಸತ್ತಿಲ್ಲ. ಮತ್ತೆ ಚಿಗುರ್ತವೆ."

ಅತ್ತೆ ಎದ್ದು ಒಳಗೆ ಹೋದರು.

ಇಂಥ ಒಣಗುಡ್ಡದಲ್ಲಿ ಬೆಂಕಿಯನ್ನು ಪೂರ್ತಿ ನಿಲ್ಲಿಸಿ ಹುಲ್ಲು ರಾಶಿಯಾಗಲು ಬಿಟ್ಟದ್ದು ತಮ್ಮ ತಪ್ಪು ಎಂದು ಮೇಡಂ ವರದಿಯಲ್ಲಿ ಬರೆದರು. ತಪ್ಪನ್ನು ಬೆಂಕಿ ಹಚ್ಚಿದವರು ಯಾರೋ ಅವರ ಮೇಲೆ ಹಾಕಿಬಿಡಿ ಎಂದು ಅವರ ಮೇಲಿನವರು ಹೇಳಿದರಂತೆ. ಇವರು ಒಪ್ಪಲಿಲ್ಲ. ಆ ಕೆಲಸ ಅಲ್ಲಿಗೆ ಮುಗಿಯಿತು. ಚಿಕ್ಕಬಳ್ಳಾಪುರದ ಒಂದು ಕಾಲೇಜಿನಲ್ಲಿ ಪಾಠ ಹೇಳಲು ಸೇರಿಕೊಂಡರು.

ಮುಂದಿನ ಸಂಕ್ರಾಂತಿ ಕಳೆದ ಮೇಲೆ ಬೆಳಗಿನ ಮೊದಲ ಬಸ್ಸಿಗೆ ಬಂದರು. ಇಬ್ಬನಿ ಇರುವಾಗ, ಹುಲ್ಲು ಪೂರ್ತಿ ಒಣಗುವ ಮೊದಲು, ಗುಡ್ಡಕ್ಕೆ ಅಡ್ಡಲಾಗಿ ಅಗಲವಾದ ಪಟ್ಟೆಗಳನ್ನು ನಾವೇ ಸುಟ್ಟು ಆರಿಸಿದರೆ, ಬೇಸಿಗೆಯಲ್ಲಿ ಬಿದ್ದ ಬೆಂಕಿ ಅಲ್ಲಿಗೆ ಬಂದು ನಿಲ್ಲುತ್ತದೆ ಎಂದು ಮನೆಮನೆಗೂ ಹೋಗಿ ಹೇಳಿದರು. ಯಾರೂ ಏಳಲಿಲ್ಲ. ಕೊನೆಗೆ ನನ್ನ ಭಾವ, ಹೆಂಡತಿಯನ್ನು ಕಳೆದುಕೊಂಡವರು, ಬೆಂಕಿ ಬಡಿಯಲು ಹಸಿ ಹೊಂಗೆಸೊಪ್ಪಿನ ಕೊಂಬೆ ಮುರಿದುಕೊಂಡು ಗುಡ್ಡದ ಕಡೆ ನಡೆದರು. ಅವರ ಹಿಂದೆ ಉಳಿದವರು ಹೊರಟರು.

ಆಮೇಲೆ ಪ್ರತಿ ವರ್ಷವೂ ಮೇಡಂ ಬರುತ್ತಿದ್ದರು. ಅವರನ್ನು ಕಂಡರೆ ಅತ್ತೆ ಬಾಗಿಲು ಹಾಕಿಕೊಳ್ಳುತ್ತಿದ್ದರು. ಮೇಡಂ ಬೋರ್‌ವೆಲ್ ಹತ್ತಿರ ನಿಂತೇ ನೀರು ಕುಡಿದು ಬಸ್ಸಿಗೆ ಹೋಗುತ್ತಿದ್ದರು.

ಆ ದಶಕ ಮುಗಿಯುವ ಮೊದಲೇ ಅವರಿಗೆ ಕ್ಯಾನ್ಸರ್ ಆಯಿತು. ನಾನು ಆಸ್ಪತ್ರೆಗೆ ನೋಡಲು ಹೋದಾಗ ಅರ್ಧಕ್ಕರ್ಧ ಇಳಿದುಹೋಗಿದ್ದರು. ಈ ವರ್ಷ ಸುಟ್ಟಿರಾ ಎಂದು ಕೇಳಿದರು. ಸುಟ್ಟೆವು ಎಂದೆ.

"ಕೊರಕಲ ಹತ್ರ?"

"ಅಲ್ಲೂ ಸುಟ್ವಿ, ಮೇಡಂ. ಭಾವನೇ ನಿಂತು ಸುಡಿಸಿದ್ರು."

ಕಣ್ಣು ಮುಚ್ಚಿಕೊಂಡರು. ಅದೇ ವಾರ ಹೋದರು.

ಆ ಗುಡ್ಡಕ್ಕೆ ಆಮೇಲೂ ಬೆಂಕಿ ಬಿದ್ದದ್ದುಂಟು. ಸುಟ್ಟ ಪಟ್ಟೆಯ ಹತ್ತಿರ ಬಂದು ನಿಂತಿತು, ಯಾರೂ ಸಾಯಲಿಲ್ಲ. ವಾರಗಿತ್ತಿಯ ಮಗಳು ಬೆಳೆದು, ಅದೇ ಗುಡ್ಡಕ್ಕೆ ಹುಲ್ಲಿಗೆ ಹೋಗಿ ಹೊರೆ ಹೊತ್ತು ಮನೆಗೆ ಬರುತ್ತಿದ್ದಳು. ಅವಳು ಹೊರೆ ಇಳಿಸುವ ಸದ್ದು ಕೇಳಿದಾಗೆಲ್ಲ ನನಗೆ ಮೇಡಂ ಋಣ ನೆನಪಾಗುತ್ತಿತ್ತು. ಅತ್ತೆ ಬದುಕಿರುವವರೆಗೂ ಆ ಮಾತನ್ನು ಮನೆಯಲ್ಲಿ ಬಾಯಿಬಿಟ್ಟು ಹೇಳುವ ಹಾಗಿರಲಿಲ್ಲ.