ಎರರ್ ಓದಿಸಿ ಕೇಳುತ್ತಿದ್ದವರು

ಮೊನ್ನೆ ಮದುವೆ ಛತ್ರದ ಬಾಗಿಲಲ್ಲಿ ಯಾರೋ ಹುಡುಗಿ ಪನ್ನೀರು ಚಿಮುಕಿಸಿದಳು. ಆ ವಾಸನೆಗೆ, ಒಳಗೆ ಹೋಗಬೇಕಾದವಳು ಅಲ್ಲೇ ನಿಂತುಬಿಟ್ಟೆ. ನಮ್ಮ ಸೀನಿಯರ್ ಸಾರ್ ಊಟವಾದ ಮೇಲೆ ಹತ್ತಿಯನ್ನು ಪನ್ನೀರಿನಲ್ಲಿ ಅದ್ದಿ ಕಣ್ಣಿನ ಮೇಲಿಟ್ಟುಕೊಂಡು ಕೂರುತ್ತಿದ್ದರು...

ತೊಂಬತ್ತರ ದಶಕದ ಕೊನೆ. ದೊಡ್ಡಬಳ್ಳಾಪುರದಲ್ಲಿ ಒಂದು ಸೀರೆ ಅಂಗಡಿಯ ಮಹಡಿ ಮೇಲೆ ನಮ್ಮ ಕಚೇರಿ. ಸೀರೆಯ ಅಂಚು, ಸೆರಗುಗಳ ವಿನ್ಯಾಸವನ್ನು ಕಂಪ್ಯೂಟರಿನಲ್ಲಿ ಬರೆಯುವ ಪ್ರೋಗ್ರಾಮು ಮಾಡುತ್ತಿದ್ದೆವು. ಸಕ್ಕರೆ ಕಾಯಿಲೆ ಸಾರ್ ಕಣ್ಣನ್ನು ತಿನ್ನುತ್ತಿತ್ತು. ಅದು ಗೊತ್ತಿದ್ದದ್ದು ಪಕ್ಕದ ಕುರ್ಚಿಯ ನನಗೆ ಮಾತ್ರ. ಪರದೆಯ ಮೇಲಿನದನ್ನು ನಾನು ಮೆಲ್ಲಗೆ ಓದುತ್ತಿದ್ದೆ, ಅವರು ಕೇಳಿಸಿಕೊಂಡು ತಪ್ಪು ಎಲ್ಲಿದೆ ಎಂದು ಹೇಳುತ್ತಿದ್ದರು. ಮಾಲೀಕರಿಗೆ ತಿಳಿದರೆ ಕೆಲಸ ಹೋಗುತ್ತದೆಂಬ ಭಯ ಅವರಿಗೆ. ಮಗಳಿನ್ನೂ ಓದುತ್ತಿದ್ದಳು.

ಪ್ರೋಗ್ರಾಮು ನಮ್ಮಲ್ಲಿ ಚೆನ್ನಾಗಿಯೇ ಓಡಿತು. ಮಗ್ಗದ ಕಾರ್ಖಾನೆಯ ಕಂಪ್ಯೂಟರಿಗೆ ಹಾಕಿದರೆ, ತನಗೆ ಬೇಕಾದ ಲೈಬ್ರರಿ, ಅಂದರೆ ಸಿದ್ಧ ಕೋಡಿನ ಕಡತ, ಸಿಗುತ್ತಿಲ್ಲವೆಂದು ನಿಂತುಬಿಟ್ಟಿತು. ಕಾರ್ಖಾನೆಯವರು ಮುಖ ಗಂಟಿಕ್ಕಿಕೊಂಡೇ ಇನ್ನೊಂದು ಅವಕಾಶ ಕೊಟ್ಟರು.

"ಶೇರ್ಡ್ ಲೈಬ್ರರಿ ನಂಬ್ಕೊಂಡು ಕಳಿಸ್ಬಿಟ್ವಿ ಕಣಮ್ಮ," ಎಂದರು ಸಾರ್. "ದಾರೀಲಿ ಹೋಟ್ಲು ಇರುತ್ತೆ ಅಂತ ಬರಿಗೈಲಿ ಘಾಟಿ ದೇವಸ್ಥಾನಕ್ಕೆ ಹೊರಟಂಗಾಯ್ತು. ಆ ಕಂಪ್ಯೂಟರಲ್ಲಿ ಆ ಹೋಟ್ಲೇ ಇಲ್ಲ. ಸ್ಟ್ಯಾಟಿಕ್ ಮಾಡು, ಲೈಬ್ರರೀನೇ ಬುತ್ತಿ ಥರ ಪ್ರೋಗ್ರಾಮಿನೊಳಗೇ ಕಟ್ಬಿಡೋಣ."

ಹಾಗೆ ಮಾಡಿದರೆ ಪ್ರೋಗ್ರಾಮು ಬಿಲ್ಡೇ ಆಗಲಿಲ್ಲ, ತಯಾರಾಗುವ ಹಂತದಲ್ಲೇ ನಿಂತಿತು. ಲೆಕ್ಕ ಮಾಡುವ ಫಂಕ್ಷನ್ ಸಿಗುತ್ತಿಲ್ಲವೆಂಬ ಎರರ್‌ಗಳು ಪರದೆ ತುಂಬಿದವು. ಲೈಬ್ರರಿ ಇತ್ತು, ಫಂಕ್ಷನ್ನೂ ಅದರೊಳಗೇ ಇತ್ತು. ನನಗೆ ಅಳುವೇ ಬಂತು. ಸಾರ್ ಕಣ್ಣು ಮುಚ್ಚಿಕೊಂಡು, "ಲೈಬ್ರರಿಗಳನ್ನ ಲಿಂಕ್ ಮಾಡೋ ಸಾಲು ಓದು," ಎಂದರು. ಓದಿದೆ.

"ಗಣಿತದ ಲೈಬ್ರರಿ ಮೊದಲು, ಚಿತ್ರದ್ದು ಆಮೇಲಾ?"

"ಹೌದು ಸಾರ್."

"ಚಿತ್ರದ್ದು ತಾನೇ ಗಣಿತದ್ದನ್ನ ಕೇಳೋದು? ಸ್ಟ್ಯಾಟಿಕ್ ಆದ್ರೆ, ಎಲ್ಲಾ ಜೋಡಿಸೋ ಲಿಂಕರ್ ಹಿಂದಕ್ಕೆ ತಿರುಗಿ ನೋಡಲ್ಲಮ್ಮ. ಕೇಳೋರ ಹೆಸರು ಮೊದಲು, ಕೊಡೋರದ್ದು ಆಮೇಲೆ. ಅದಲುಬದಲು ಮಾಡು."

ಮಾಡಿದೆ. ಬಿಲ್ಡ್ ಆಯಿತು.

ಕಾರ್ಖಾನೆಗೆ ಇಬ್ಬರೂ ಹೋದೆವು. ನಮ್ಮ ಮಾಲೀಕರೂ ಬಂದಿದ್ದರು. ಮಗ್ಗಗಳ ಸದ್ದಿನಲ್ಲಿ ನನ್ನ ಮೆಲುದನಿ ಸಾರ್‌ಗೆ ಕೇಳಿಸುವಂತಿರಲಿಲ್ಲ. ಪರದೆಯ ಮೇಲೆ ಕೆಂಪು ಅಂಚು, ಅದರೊಳಗೆ ಸಾಲಾಗಿ ಮಾವಿನಕಾಯಿಗಳು ಮೂಡಿದವು. ಎಲ್ಲರೂ ಅದನ್ನೇ ನೋಡುತ್ತಿದ್ದಾಗ, ಪರದೆಯ ಎದುರಿಗೇ ನಿಂತಿದ್ದ ಸಾರ್ ಜೋರಾಗಿ ಕೇಳಿದರು:

"ಬಂತೇನಮ್ಮ?"

ಮಾಲೀಕರು ತಿರುಗಿ ಅವರ ಕಣ್ಣುಗಳನ್ನೇ ನೋಡಿದರು.

"ಬಂತು ಸಾರ್," ಎಂದೆ. ಅವರು ಮಗುವಿನ ಹಾಗೆ ನಕ್ಕರು.

ಕಾರ್ಖಾನೆಯವರು ಪ್ರೋಗ್ರಾಮು ಇಟ್ಟುಕೊಂಡರು. ಸ್ವಲ್ಪ ದಿನಕ್ಕೇ ಮಾಲೀಕರು ಸಾರ್ ಅವರನ್ನು ಒಳಗೆ ಕರೆದು, ಇನ್ನು ವಿಶ್ರಾಂತಿ ತೆಗೆದುಕೊಳ್ಳಿ ಎಂದರು. ಸಾರ್ ಪನ್ನೀರಿನ ಸೀಸೆಯನ್ನು ಚೀಲಕ್ಕೆ ಹಾಕಿಕೊಂಡರು. ಹೊರಡುವಾಗ ಮೆಟ್ಟಿಲವರೆಗೆ ಕೈಹಿಡಿದು ಹೋದೆ.

"ಗೋಡೆ ಇದೆಯಲ್ಲ, ಇಳೀತೀನಿ ಬಿಡಮ್ಮ. ನೀನು ಹೋಗಿ ಕೆಲ್ಸ ನೋಡು," ಎಂದರು...

ಅವರು ತೀರಿಕೊಂಡು ಬಹಳ ವರ್ಷವಾಯಿತು. ನನಗೀಗ ಹೆಚ್ಚುಕಡಿಮೆ ಅಂದಿನ ಅವರ ವಯಸ್ಸು. ಅವರ ದನಿ ಕಿವಿಯಲ್ಲಿ ಹಾಗೇ ಇದೆ, ಒಂದೊಂದು ಮಾತೂ ಇದೆ. ಮುಖ ಮಾತ್ರ ಎಷ್ಟು ನೆನಪಿಸಿಕೊಂಡರೂ ಸ್ಪಷ್ಟವಾಗುತ್ತಿಲ್ಲ... ನನ್ನ ಬಳಿ ಅವರದೊಂದು ಫೋಟೋ ಕೂಡ ಇಲ್ಲ.